ಬೀಗ, ಬೋರ್ಡು, ಮೊಹರು

ಬ್ಯಾಂಕಿನಿಂದ ತಿಂಗಳಿಗೊಮ್ಮೆ ಇ-ಮೇಲಿನಲ್ಲಿ ಬರುವ ಖಾತೆಯ ವಿವರ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಕೊಡದೆ ಒಂದಕ್ಷರವೂ ಕಾಣುವುದಿಲ್ಲ. ಇನ್ನೊಂದು ಬಗೆಯ ಪಿಡಿಎಫ್ ಇದೆ. ಅದು ಏನನ್ನೂ ಕೇಳದೆ ತೆರೆದುಕೊಳ್ಳುತ್ತದೆ, ಓದಲು ಬಿಡುತ್ತದೆ. ಪ್ರಿಂಟ್ ತೆಗೆಯಲು ಹೋದರೆ ಮಾತ್ರ ಆ ಗುಂಡಿ ಮಂಕಾಗಿರುತ್ತದೆ, ಒಂದು ಸಾಲು ಕಾಪಿ ಮಾಡಲೂ ಆಗುವುದಿಲ್ಲ. ಓದುವ ತಂತ್ರಾಂಶ ಎರಡರ ಹೆಸರಿನ ಮುಂದೆಯೂ ‘ಸೆಕ್ಯೂರ್ಡ್’ ಎಂದೇ ತೋರಿಸುತ್ತದೆ. ಆದರೆ ಜೆರಾಕ್ಸ್ ಅಂಗಡಿಗೆ ಒಯ್ದರೆ ಎರಡನೆಯ ಫೈಲನ್ನು ಅಲ್ಲಿನ ಹುಡುಗ ಅರೆ ನಿಮಿಷದಲ್ಲಿ ಬಿಡಿಸಿ ಪ್ರಿಂಟ್ ಕೊಡುತ್ತಾನೆ. ಮೊದಲನೆಯದಕ್ಕೆ ‘ಪಾಸ್‌ವರ್ಡ್ ಹೇಳಿ’ ಎನ್ನುತ್ತಾನೆ. ಅದಿಲ್ಲದೆ ಅವನಿಗೂ ದಾರಿಯಿಲ್ಲ.

ಭದ್ರ ಎಂಬ ಒಂದೇ ಹಣೆಪಟ್ಟಿ ಹೊತ್ತ ಎರಡು ಫೈಲುಗಳ ನಡುವೆ ಇಷ್ಟು ಅಂತರವೇಕೆ? ಇದಕ್ಕೆ ಉತ್ತರ ಗೊತ್ತಾದರೆ, ಯಾವ ದಾಖಲೆಯನ್ನು ಕಳಿಸುವ ಮುನ್ನ ಯಾವ ರಕ್ಷಣೆ ಕೊಡಬೇಕೆಂಬ ಲೆಕ್ಕ ಬಹುಮಟ್ಟಿಗೆ ಬಗೆಹರಿಯುತ್ತದೆ.

ರಂಗೋಲಿ ಮತ್ತು ರಂಗೋಲಿ ಪುಸ್ತಕ

ಪರದೆಯ ಮೇಲೆ ಕಾಣುವ ಪುಟವೇ ಫೈಲು ಎಂಬ ಭಾವನೆ ಸಹಜ. ನಿಜವಾಗಿ ಫೈಲು ಒಂದು ಚಿತ್ರವಲ್ಲ, ಚಿತ್ರ ಬಿಡಿಸಲು ಬೇಕಾದ ಸೂಚನೆಗಳ ಪಟ್ಟಿ. ರಂಗೋಲಿ ಪುಸ್ತಕದಲ್ಲಿ ‘ಹದಿನೈದು ಚುಕ್ಕಿ, ಎಂಟರವರೆಗೆ’ ಎಂದಿರುತ್ತದೆ. ಅಂಗಳದಲ್ಲಿ ಮೂಡುವ ರಂಗೋಲಿ ಬೇರೆಯದೇ ವಸ್ತು. ಅಡೋಬಿ ಕಂಪನಿ 1993ರಲ್ಲಿ ಹೊರತಂದ ಪಿಡಿಎಫ್ ಕೂಡ ಹೀಗೆಯೇ. ‘ಈ ಜಾಗದಲ್ಲಿ ಈ ಅಕ್ಷರ ಇಡು, ಇಲ್ಲೊಂದು ಗೆರೆ ಎಳೆ, ಇಲ್ಲೊಂದು ಚೌಕ ತುಂಬು’ ಎಂಬ ಸಾವಿರಾರು ಸೂಚನೆಗಳು ಅದರೊಳಗಿವೆ. ತಂತ್ರಾಂಶ ಅವನ್ನು ಓದುತ್ತ ಪರದೆಯ ಮೇಲೆ ಪುಟ ಬಿಡಿಸುತ್ತದೆ.

ಕಳಿಸುವವನ ಕಣ್ಣಿಗೆ ಕಾಣುವುದು ರಂಗೋಲಿ. ಪಡೆದವನ ಕೈ ಸೇರುವುದು ಪುಸ್ತಕ. ಡಿಜಿಟಲ್ ದಾಖಲೆಗಳ ವಿಷಯದಲ್ಲಿ ನಡೆದಿರುವ ದೊಡ್ಡ ದೊಡ್ಡ ಎಡವಟ್ಟುಗಳ ಬುಡದಲ್ಲಿ ಈ ಗೊಂದಲವೇ ಇದೆ. ಆದ್ದರಿಂದ ಯಾವ ರಕ್ಷಣೆಯ ಬಗೆಗಾದರೂ ಮೊದಲು ಕೇಳಬೇಕಾದದ್ದು ಒಂದೇ: ಇದು ಪುಸ್ತಕದ ಬರಹವನ್ನು ಬದಲಿಸುತ್ತದೆಯೇ, ಅಥವಾ ಅಂಗಳದ ರಂಗೋಲಿಯನ್ನಷ್ಟೇ ಮರೆಮಾಡುತ್ತದೆಯೇ?

ಬೋರ್ಡು

ಪಿಡಿಎಫ್‌ಗೆ ಎರಡು ಬಗೆಯ ಪಾಸ್‌ವರ್ಡ್ ಇಡಬಹುದು. ಒಂದು, ತೆರೆಯುವ ಪಾಸ್‌ವರ್ಡ್. ಇನ್ನೊಂದು ಅನುಮತಿಯ ಪಾಸ್‌ವರ್ಡ್: ಪ್ರಿಂಟ್ ತೆಗೆಯಬಹುದೇ, ಕಾಪಿ ಮಾಡಬಹುದೇ, ತಿದ್ದಬಹುದೇ ಎಂಬುದನ್ನು ಗೊತ್ತುಮಾಡುವಂಥದ್ದು. ಎರಡನೆಯದನ್ನು ಮಾತ್ರ ಇಟ್ಟಾಗ ನಡೆಯುವುದು ಕುತೂಹಲಕರ. ಫೈಲಿನೊಳಗಿನ ಬರಹಕ್ಕೆ ಬೀಗವೇನೋ ಬೀಳುತ್ತದೆ. ಆದರೆ ಆ ಬೀಗದ ಕೈ ‘ಖಾಲಿ ಪಾಸ್‌ವರ್ಡ್’. ಹಾಗಾಗಿ ಯಾವ ತಂತ್ರಾಂಶವಾದರೂ ಯಾರನ್ನೂ ಕೇಳದೆ ತೆರೆಯುತ್ತದೆ. ತೆರೆದ ಮೇಲೆ ಒಳಗೊಂದು ಚೀಟಿ ಸಿಗುತ್ತದೆ: ಪ್ರಿಂಟ್ ಬೇಡ, ಕಾಪಿ ಬೇಡ. ಶಿಸ್ತಿನ ತಂತ್ರಾಂಶ ಆ ಚೀಟಿಗೆ ಮರ್ಯಾದೆ ಕೊಟ್ಟು ಗುಂಡಿಯನ್ನು ಮಂಕಾಗಿಸುತ್ತದೆ. ಮರ್ಯಾದೆ ಕೊಡದ ತಂತ್ರಾಂಶ ಚೀಟಿಯನ್ನು ಕಿತ್ತುಹಾಕಿ ಫೈಲನ್ನು ಮತ್ತೆ ಉಳಿಸಿಕೊಳ್ಳುತ್ತದೆ. ಜೆರಾಕ್ಸ್ ಅಂಗಡಿಯ ಹುಡುಗ ಮಾಡಿದ್ದು ಇಷ್ಟೇ.

ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಅಲ್ಲೇ ಮೊಳೆಗೆ ನೇತುಹಾಕಿ, ‘ಹೂ ಕೀಳಬಾರದು’ ಎಂದು ಬೋರ್ಡು ಬರೆದಂತೆ ಇದು. ಬೋರ್ಡಿಗೂ ಬೆಲೆಯಿದೆ, ಸಜ್ಜನರು ಅದನ್ನು ಓದಿ ಕೈ ಹಿಂದೆಗೆಯುತ್ತಾರೆ. ನಮೂನೆಯೊಂದನ್ನು ಯಾರೂ ಅರಿಯದೆ ತಿದ್ದಿಬಿಡದಂತೆ ತಡೆಯಲು ಅದು ಸಾಕು. ಗುಟ್ಟು ಕಾಯಲು ಸಾಲದು.

ಬೀಗ

ತೆರೆಯುವ ಪಾಸ್‌ವರ್ಡ್ ಮಾಡುವ ಕೆಲಸ ಬೇರೆ. ಅದು ಪುಸ್ತಕದ ಬರಹವನ್ನೇ ಕಲಸಿಹಾಕುತ್ತದೆ. ಎನ್‌ಕ್ರಿಪ್ಶನ್ ಎಂದು ಕರೆಯುವ ಈ ಕೆಲಸಕ್ಕೆ ಇಲ್ಲಿ ಗುಪ್ತಬರಹ ಎಂಬ ಹೆಸರಿರಲಿ.

ಫೈಲೆಂದರೆ ಕಡೆಗೆ ಸೊನ್ನೆ-ಒಂದುಗಳ ಉದ್ದನೆಯ ಸಾಲು. ಆ ಸಾಲನ್ನು ಮದುವೆಮನೆಯ ಗೋಡೆಯ ಮೇಲಿನ ಸ್ವಿಚ್ಚುಗಳ ಸಾಲೆಂದು ಭಾವಿಸಬಹುದು: ಕೆಲವು ಹಾಕಿವೆ, ಕೆಲವು ಆರಿವೆ. ಒಬ್ಬನ ಕೈಯಲ್ಲಿ ಯಾವ ಯಾವ ಸ್ವಿಚ್ಚನ್ನು ತಿರುಗಿಸಬೇಕು ಎಂಬ ಗುಟ್ಟಿನ ಪಟ್ಟಿಯಿದೆ. ಅವನು ಪಟ್ಟಿಯ ಪ್ರಕಾರ ತಿರುಗಿಸಿದ ಮೇಲೆ ಗೋಡೆ ನೋಡಿದವರಿಗೆ ಮೊದಲು ಹೇಗಿತ್ತೆಂಬ ಸುಳಿವೇ ಸಿಗುವುದಿಲ್ಲ. ಅದೇ ಪಟ್ಟಿ ಇರುವ ಇನ್ನೊಬ್ಬ ಬಂದು ಅದೇ ಸ್ವಿಚ್ಚುಗಳನ್ನು ಮತ್ತೊಮ್ಮೆ ತಿರುಗಿಸಿದರೆ ಎಲ್ಲವೂ ಮೊದಲಿನಂತಾಗುತ್ತದೆ. ಆ ಪಟ್ಟಿಯೇ ಬೀಗದ ಕೈ. ಇಂದು ಜಗತ್ತಿನ ಬಹುಪಾಲು ಫೈಲುಗಳನ್ನು ಕಾಯುವ ಎಇಎಸ್ ಎಂಬ ವಿಧಾನ ಇನ್ನೂ ಮುಂದೆ ಹೋಗುತ್ತದೆ. ಹದಿನಾರು ಹದಿನಾರು ಬೈಟುಗಳ ತುಂಡು ತೆಗೆದುಕೊಂಡು, ತಿರುಗಿಸಿ, ಜಾಗ ಬದಲಿಸಿ, ಒಂದರೊಳಗೊಂದು ಬೆರೆಸಿ, ಅದನ್ನೇ ಹತ್ತರಿಂದ ಹದಿನಾಲ್ಕು ಸುತ್ತು ಮಾಡುತ್ತದೆ. ಬೆಲ್ಜಿಯಮ್ಮಿನ ಯೋಆನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರೂಪಿಸಿದ ಈ ವಿಧಾನವನ್ನು ಅಮೆರಿಕ 2001ರಲ್ಲಿ ಮಾನಕವಾಗಿ ಒಪ್ಪಿಕೊಂಡಿತು.

ಈ ಕಲಸುವ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಯಾರು ಬೇಕಾದರೂ ಓದಿ ಕಲಿಯಬಹುದು. ವಿಧಾನ ಶತ್ರುವಿಗೆ ಗೊತ್ತಾದರೂ ಬೀಗ ನಿಲ್ಲಬೇಕು, ಗುಟ್ಟಾಗಿರಬೇಕಾದದ್ದು ಬೀಗದ ಕೈ ಮಾತ್ರ ಎಂಬ ತತ್ತ್ವವನ್ನು ಔಗುಸ್ತ್ ಕೆರ್ಕ್‌ಹಾಫ್ಸ್ 1883ರಲ್ಲೇ ಮುಂದಿಟ್ಟಿದ್ದ. ‘ನಮ್ಮದೇ ಗುಟ್ಟಿನ ವಿಧಾನ’ ಎಂದು ಹೇಳಿಕೊಳ್ಳುವ ತಂತ್ರಾಂಶಕ್ಕಿಂತ ಇಪ್ಪತ್ತು ವರ್ಷ ಎಲ್ಲರ ಏಟು ತಿಂದೂ ಒಡೆಯದೆ ನಿಂತ ಬಹಿರಂಗ ವಿಧಾನವೇ ನಂಬಿಕೆಗೆ ಅರ್ಹ.

128 ಸ್ವಿಚ್ಚುಗಳ ಬೀಗದ ಕೈಯಲ್ಲಿ ಎಷ್ಟು ಸಾಧ್ಯತೆಗಳಿವೆ ಎಂದು ಬರೆಯಲು 39 ಅಂಕಿಗಳು ಬೇಕು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೈಗಳನ್ನು ತಿರುವಿ ನೋಡುವ ಯಂತ್ರವಿದ್ದರೂ, ಎಲ್ಲವನ್ನೂ ನೋಡಿ ಮುಗಿಸಲು ವಿಶ್ವದ ಈವರೆಗಿನ ಆಯಸ್ಸಿನ 70 ಕೋಟಿ ಪಟ್ಟಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಪಿಡಿಎಫ್‌ನ ಆರಂಭದ ದಿನಗಳಲ್ಲಿ ಬಳಸುತ್ತಿದ್ದ 40 ಸ್ವಿಚ್ಚುಗಳ ಕೈಗೆ ಇರುವುದು ಒಂದು ಲಕ್ಷ ಕೋಟಿಗಿಂತ ತುಸು ಹೆಚ್ಚು ಸಾಧ್ಯತೆ ಮಾತ್ರ. ಅದೇ ಯಂತ್ರಕ್ಕೆ ಎರಡು ಸೆಕೆಂಡಿನ ಕೆಲಸ. ಹಳೆಯ ತಂತ್ರಾಂಶದಲ್ಲಿ ಹಾಕಿದ ಬೀಗವನ್ನು ನೆಚ್ಚಬಾರದು ಎನ್ನುವುದು ಇದಕ್ಕೇ. ಜಿಪ್ ಫೈಲುಗಳ ಹಳೆಯ ಬೀಗದ ಕತೆ ಇನ್ನೂ ಕೆಟ್ಟದ್ದು. ಒಳಗಿರುವ ಬರಹದ ಸ್ವಲ್ಪ ಭಾಗ ಮೊದಲೇ ಗೊತ್ತಿದ್ದರೆ ಉಳಿದದ್ದನ್ನೆಲ್ಲ ಬಿಡಿಸಬಹುದೆಂದು ಎಲಿ ಬಿಹಾಮ್ ಮತ್ತು ಪಾಲ್ ಕೋಚರ್ 1994ರಲ್ಲೇ ತೋರಿಸಿದರು. ಜಿಪ್ ಮಾಡುವಾಗ ಎಇಎಸ್ ಆಯ್ಕೆಯಿದ್ದರೆ ಅದನ್ನೇ ಒತ್ತಬೇಕು. ಆಗಲೂ ಸಾಮಾನ್ಯ ಜಿಪ್‌ನಲ್ಲಿ ಒಳಗಿನ ಫೈಲುಗಳ ಹೆಸರು ಎಲ್ಲರಿಗೂ ಕಾಣುತ್ತದೆ. ಹೆಸರಿನಲ್ಲೇ ‘ವಿಚ್ಛೇದನ ಅರ್ಜಿ’ ಎಂದಿದ್ದರೆ ಬೀಗದ ಅರ್ಧ ಪ್ರಯೋಜನವೇ ಹೋಯಿತು.

ಬೀಗದ ಕೈ

ಬೀಗ ಇಷ್ಟು ಗಟ್ಟಿಯಿರುವಾಗ ಕಳ್ಳ ಬೀಗದ ತಂಟೆಗೆ ಹೋಗುವುದಿಲ್ಲ, ಬೀಗದ ಕೈಯನ್ನು ಹುಡುಕುತ್ತಾನೆ. 39 ಅಂಕಿಗಳ ಸಂಖ್ಯೆಯನ್ನು ಮನುಷ್ಯ ನೆನಪಿಡಲಾರ. ಅವನು ಒಂದು ಪಾಸ್‌ವರ್ಡ್ ಕೊಡುತ್ತಾನೆ, ತಂತ್ರಾಂಶ ಅದರಿಂದ ಬೀಗದ ಕೈಯನ್ನು ಎರಕ ಹೊಯ್ಯುತ್ತದೆ. ಪಾಸ್‌ವರ್ಡ್ ಊಹಿಸಬಹುದಾದರೆ ಬೀಗದ ಬಲವೆಲ್ಲ ವ್ಯರ್ಥ.

ಇ-ಆಧಾರ್ ಫೈಲಿನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ. ಈ ಸೂತ್ರ ಎಲ್ಲರಿಗೂ ಗೊತ್ತು. ಹೆಸರು ಬಲ್ಲವನಿಗೆ ಉಳಿಯುವುದು ವರ್ಷ ಒಂದೇ, ಹೆಚ್ಚೆಂದರೆ ನೂರು ಊಹೆ. ಹುಟ್ಟಿದ ದಿನಾಂಕವನ್ನೇ ಪಾಸ್‌ವರ್ಡ್ ಮಾಡಿದ ಫೈಲುಗಳಿಗೆ ನೂರು ವರ್ಷದ ಲೆಕ್ಕ ಹಿಡಿದರೂ ಸುಮಾರು 36,500 ಸಾಧ್ಯತೆ. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟು ಹೊತ್ತಿನದು. ಈ ಪಾಸ್‌ವರ್ಡುಗಳು ನಿರುಪಯೋಗಿ ಎಂದಲ್ಲ. ತಪ್ಪು ವಿಳಾಸಕ್ಕೆ ಹೋದ ಮೇಲನ್ನು ಅಪರಿಚಿತ ಸುಮ್ಮನೆ ತೆರೆದು ನೋಡದಂತೆ ತಡೆಯುತ್ತವೆ. ಗುರಿಯಿಟ್ಟು ಬರುವ ಪರಿಚಿತನನ್ನು ತಡೆಯಲಾರವು.

‘ಎಟಿಎಮ್ಮಿನ ಪಿನ್ ನಾಲ್ಕೇ ಅಂಕಿ, ಅದು ಭದ್ರವಲ್ಲವೇ?’ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಮೂರು ಸಲ ತಪ್ಪಿದರೆ ಬ್ಯಾಂಕು ಕಾರ್ಡನ್ನು ತಡೆಹಿಡಿಯುತ್ತದೆ, ಬಾಗಿಲಲ್ಲಿ ಕಾವಲುಗಾರನಿದ್ದಾನೆ. ಫೈಲಿಗೆ ಕಾವಲುಗಾರನಿಲ್ಲ. ಅದು ಒಮ್ಮೆ ಬೇರೆಯವರ ಕೈ ಸೇರಿತೆಂದರೆ ಅವರು ತಮ್ಮ ಮನೆಯಲ್ಲಿ ಕೂತು, ಯಾರಿಗೂ ತಿಳಿಯದಂತೆ, ಕೋಟಿಗಟ್ಟಲೆ ಸಲ ಪ್ರಯತ್ನಿಸಬಹುದು. ಆದ್ದರಿಂದ ಫೈಲಿನ ಪಾಸ್‌ವರ್ಡ್ ಪಿನ್‌ಗಿಂತ ಎಷ್ಟೋ ಪಟ್ಟು ಉದ್ದವಿರಬೇಕು.

ಎಷ್ಟು ಉದ್ದ? ಬರೀ ಸಣ್ಣಕ್ಷರಗಳನ್ನು ಮನಬಂದಂತೆ ಜೋಡಿಸಿದ ಎಂಟಕ್ಷರದ ಪಾಸ್‌ವರ್ಡಿಗೆ ಸುಮಾರು 20,900 ಕೋಟಿ ಸಾಧ್ಯತೆ. ಸೆಕೆಂಡಿಗೆ ನೂರು ಕೋಟಿ ಊಹಿಸುವ ಯಂತ್ರ ಮೂರೂವರೆ ನಿಮಿಷದಲ್ಲಿ ಎಲ್ಲವನ್ನೂ ಮುಗಿಸುತ್ತದೆ. ನಾಲ್ಕೇ ಅಕ್ಷರ ಹೆಚ್ಚಿಸಿ ಹನ್ನೆರಡು ಮಾಡಿದರೆ ಅದೇ ಯಂತ್ರಕ್ಕೆ ಮೂರು ವರ್ಷ ಬೇಕು. ಒಳ್ಳೆಯ ತಂತ್ರಾಂಶಗಳು ಪಾಸ್‌ವರ್ಡಿನಿಂದ ಬೀಗದ ಕೈ ಎರಕ ಹೊಯ್ಯುವ ಕೆಲಸವನ್ನು ಬೇಕೆಂದೇ ಸಾವಿರಾರು ಸುತ್ತು ಮಾಡಿಸಿ ನಿಧಾನಗೊಳಿಸುತ್ತವೆ. ಪಾಸ್‌ವರ್ಡ್ ಬಲ್ಲವನಿಗೆ ಅರೆ ಸೆಕೆಂಡು ತಡವಾದರೆ ಗೊತ್ತೂ ಆಗುವುದಿಲ್ಲ. ಕೋಟಿ ಸಲ ಊಹಿಸುವವನಿಗೆ ಆ ಅರೆ ಸೆಕೆಂಡುಗಳು ಗುಡ್ಡದಂತೆ ಬೆಳೆಯುತ್ತವೆ.

ನೆನಪಿಡಲು ಸುಲಭ, ಊಹಿಸಲು ಕಷ್ಟ ಎನ್ನುವಂಥ ದಾರಿಯೊಂದನ್ನು ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ಸೂಚಿಸಿದ. 7,776 ಪದಗಳ ಪಟ್ಟಿ ಮಾಡಿ, ಐದು ಸಲ ದಾಳ ಹಾಕಿ ಒಂದೊಂದು ಪದವನ್ನು ಆರಿಸುವುದು. ಹೀಗೆ ಆರಿಸಿದ ಆರು ಪದಗಳ ಪಾಸ್‌ವರ್ಡಿನ ಎಲ್ಲ ಸಾಧ್ಯತೆಗಳನ್ನು ಮುಗಿಸಲು ಮೇಲಿನ ಯಂತ್ರಕ್ಕೆ 70 ಲಕ್ಷ ವರ್ಷ ಬೇಕು. ಕನ್ನಡದ ನಿಘಂಟನ್ನು ಕಣ್ಣುಮುಚ್ಚಿ ಅಲ್ಲಲ್ಲಿ ತೆರೆದು, ಬೆರಳಿಟ್ಟ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದರೂ ಆದೀತು: ಹುಣಸೆ, ಗರಗಸ, ತಕ್ಕಡಿ, ಮುಂಗಾರು, ಬುಗುರಿ, ಕಂಬಳಿ. ಆಯ್ಕೆ ಮಾತ್ರ ನಿಜಕ್ಕೂ ಯದ್ವಾತದ್ವಾ ಆಗಿರಬೇಕು. ಗಾದೆ, ಹಾಡಿನ ಸಾಲು, ಮಕ್ಕಳ ಹೆಸರು ಎಲ್ಲವೂ ಊಹಿಸುವವರ ಪಟ್ಟಿಯಲ್ಲಿ ಮೊದಲೇ ಇರುತ್ತವೆ.

ಇಷ್ಟೆಲ್ಲ ಮಾಡಿ, ಫೈಲು ಕಳಿಸಿದ ಮೇಲಿನಲ್ಲೇ ‘ಪಾಸ್‌ವರ್ಡ್ ಇದು’ ಎಂದು ಬರೆಯುವ ರೂಢಿ ಕಚೇರಿಗಳಲ್ಲಿ ತೀರಾ ಸಾಮಾನ್ಯ. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯ ಹಿಡಿಗೇ ಕಟ್ಟಿ ಬಸ್ಸಿಗೆ ಹಾಕಿದಂತೆ. ಫೈಲು ಮೇಲಿನಲ್ಲಿ ಹೋದರೆ ಪಾಸ್‌ವರ್ಡ್ ಫೋನಿನ ಮಾತಿನಲ್ಲಿ ಹೋಗಬೇಕು.

ಮಸಿ

ಕೆಲವೊಮ್ಮೆ ಇಡೀ ದಾಖಲೆಯನ್ನಲ್ಲ, ಅದರ ನಾಲ್ಕು ಸಾಲುಗಳನ್ನಷ್ಟೇ ಮುಚ್ಚಬೇಕಾಗುತ್ತದೆ. ಕಾಗದದ ಕಾಲದಲ್ಲಿ ಮಸಿ ಬಳಿದರೆ ಮುಗಿಯಿತು. ಡಿಜಿಟಲ್ ದಾಖಲೆಯಲ್ಲಿ ಕಪ್ಪು ಚೌಕ ಎಳೆದಾಗ ನಡೆಯುವುದು ಬೇರೆ: ಪುಸ್ತಕದಲ್ಲಿ ‘ಇಲ್ಲಿ ಈ ಅಕ್ಷರಗಳನ್ನು ಇಡು’ ಎಂಬ ಸೂಚನೆ ಹಾಗೇ ಉಳಿಯುತ್ತದೆ, ಕೊನೆಯಲ್ಲಿ ‘ಅದರ ಮೇಲೊಂದು ಕಪ್ಪು ಚೌಕ ತುಂಬು’ ಎಂಬ ಇನ್ನೊಂದು ಸೂಚನೆ ಸೇರುತ್ತದೆ. ರಂಗೋಲಿಯ ಮೇಲೆ ತಟ್ಟೆ ಕವುಚಿದಂತೆ. ತಟ್ಟೆ ಎತ್ತಿದರೆ ರಂಗೋಲಿ ಅಲ್ಲೇ ಇದೆ.

2019ರ ಜನವರಿಯಲ್ಲಿ ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ಅವರ ಪ್ರಚಾರ ತಂಡದ ಮಾಜಿ ಮುಖ್ಯಸ್ಥ ಪಾಲ್ ಮ್ಯಾನಫೋರ್ಟ್ ಪರ ವಕೀಲರು ನ್ಯಾಯಾಲಯಕ್ಕೆ ಒಂದು ದಾಖಲೆ ಸಲ್ಲಿಸಿದರು. ಸೂಕ್ಷ್ಮ ಭಾಗಗಳ ಮೇಲೆ ಕಪ್ಪು ಪಟ್ಟಿಗಳಿದ್ದವು. ಪತ್ರಕರ್ತರು ಆ ಪಟ್ಟಿಗಳನ್ನು ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ಬೇರೆ ಪುಟದಲ್ಲಿ ಪೇಸ್ಟ್ ಮಾಡಿದರು. ಅಡಗಿದ್ದ ಸಾಲುಗಳೆಲ್ಲ ಹೊರಬಂದವು. ಚುನಾವಣಾ ಸಮೀಕ್ಷೆಯ ಮಾಹಿತಿಯನ್ನು ಮ್ಯಾನಫೋರ್ಟ್ ಹಂಚಿಕೊಂಡಿದ್ದನೆಂಬ ಆರೋಪವೂ ಅದರಲ್ಲಿತ್ತು. ಯಾವ ಬೀಗವನ್ನೂ ಯಾರೂ ಒಡೆದಿರಲಿಲ್ಲ.

ಫೋಟೊಗಳಲ್ಲೂ ಇದೇ ಬಲೆ. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ ಒಂದು ದೋಷ ಬೆಳಕಿಗೆ ಬಂತು. ಸ್ಕ್ರೀನ್‌ಶಾಟ್ ಕತ್ತರಿಸಿ ಸಣ್ಣದು ಮಾಡಿದಾಗ ಫೋನು ಹೊಸ ಚಿತ್ರವನ್ನು ಹಳೆಯದರ ಮೇಲೆಯೇ ಬರೆಯುತ್ತಿತ್ತು, ಆದರೆ ಬಾಲವನ್ನು ಕತ್ತರಿಸುತ್ತಿರಲಿಲ್ಲ. ಒಂದು ಗಂಟೆಯ ಹಳೆಯ ಕ್ಯಾಸೆಟ್ಟಿನ ಮೇಲೆ ಹತ್ತು ನಿಮಿಷದ ಹೊಸ ಹಾಡು ರೆಕಾರ್ಡ್ ಮಾಡಿದರೆ ಉಳಿದ ಐವತ್ತು ನಿಮಿಷ ಹಳೆಯ ಹಾಡೇ ಇರುವಂತೆ, ಕತ್ತರಿಸಿ ಬಿಟ್ಟ ಭಾಗದ ಬಹಳಷ್ಟನ್ನು ಮತ್ತೆ ಪಡೆಯಬಹುದಿತ್ತು. ಖಾತೆಯ ಸಂಖ್ಯೆಯನ್ನು ಮಬ್ಬುಮಾಡಿ ಕಳಿಸುವುದೂ ದುರ್ಬಲವೇ. ಒಂದೊಂದು ಜಾಗದಲ್ಲಿ ಬರಬಹುದಾದದ್ದು ಹತ್ತೇ ಅಂಕಿ. ಹತ್ತನ್ನೂ ಅದೇ ರೀತಿ ಮಬ್ಬುಮಾಡಿ ಹೋಲಿಸಿದರೆ ಯಾವುದೆಂದು ತಿಳಿಯುತ್ತದೆ.

ಮಸಿಯ ಸರಿಯಾದ ಕ್ರಮ ಪುಸ್ತಕದಿಂದ ಸೂಚನೆಯನ್ನೇ ತೆಗೆಯುವುದು. ಮೂಲ ಫೈಲಿನಲ್ಲಿ ಆ ಪದಗಳನ್ನು ಅಳಿಸಿ ‘××××’ ಎಂದು ಬರೆದು, ಆ ಮೇಲೆ ಹೊಸ ಪಿಡಿಎಫ್ ಮಾಡಬೇಕು. ಮೂಲ ಕೈಯಲ್ಲಿಲ್ಲದಿದ್ದರೆ ಪ್ರಿಂಟ್ ತೆಗೆದು, ಗಾಢವಾಗಿ ಮಸಿ ಬಳಿದು, ಮತ್ತೆ ಸ್ಕ್ಯಾನ್ ಮಾಡುವ ಹಳೆಯ ದಾರಿ ಇಂದಿಗೂ ಒಳ್ಳೆಯದು. ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಮಾತ್ರ ತೋರಿಸುವ ‘ಮಾಸ್ಕ್ಡ್ ಆಧಾರ್’ ಇದೇ ತತ್ತ್ವದ್ದು. ಅಲ್ಲಿ ಉಳಿದ ಎಂಟು ಅಂಕಿಗಳನ್ನು ಮುಚ್ಚಿಲ್ಲ, ಬರೆದೇ ಇಲ್ಲ.

ಕಣ್ಣಿಗೆ ಬೀಳದ ಇನ್ನೊಂದು ಪದರವೂ ಇದೆ. ಫೈಲು ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಮಾಹಿತಿಯನ್ನು ಒಳಟಿಪ್ಪಣಿ ಎನ್ನಬಹುದು: ಯಾರ ಕಂಪ್ಯೂಟರಿನಲ್ಲಿ ಹುಟ್ಟಿತು, ಯಾವಾಗ ತಿದ್ದಲಾಯಿತು ಇತ್ಯಾದಿ. ಫೋನಿನಲ್ಲಿ ತೆಗೆದ ಫೋಟೊದೊಳಗೆ ಅಕ್ಷಾಂಶ-ರೇಖಾಂಶವೂ ಇರಬಹುದು. ಇರಾಕ್ ಕುರಿತು ಬ್ರಿಟನ್ ಸರ್ಕಾರ 2003ರಲ್ಲಿ ವರ್ಡ್ ಫೈಲಾಗಿ ಪ್ರಕಟಿಸಿದ ವರದಿಯೊಳಗೆ ಅದನ್ನು ತಿದ್ದಿದ ಸಿಬ್ಬಂದಿಯ ಹೆಸರುಗಳು ಹಾಗೇ ಉಳಿದಿದ್ದವು. ವರ್ಡ್ ಫೈಲನ್ನು ಹೊರಗೆ ಕಳಿಸುವ ಮೊದಲು ತಿದ್ದುಪಡಿಯ ಗುರುತುಗಳನ್ನೂ ಪಕ್ಕದ ಟಿಪ್ಪಣಿಗಳನ್ನೂ ತೆಗೆಯಬೇಕಾದ್ದು ಇದರಿಂದಲೇ.

ಮೊಹರು

ಎಲ್ಲ ದಾಖಲೆಗೂ ಗುಟ್ಟು ಬೇಕಿಲ್ಲ. ಅಂಕಪಟ್ಟಿಯನ್ನು ಯಾರು ನೋಡಿದರೂ ತೊಂದರೆಯಿಲ್ಲ, ಯಾರೂ ತಿದ್ದಬಾರದು ಅಷ್ಟೆ. ಇಲ್ಲಿ ಬೇಕಾದದ್ದು ಬೀಗವಲ್ಲ, ಮೊಹರು.

ಕರ್ನಾಟಕದ ಹಳೆಯ ಅರಸುಮನೆತನಗಳು ಈ ಸಮಸ್ಯೆಯನ್ನು ಚೆನ್ನಾಗಿ ಅರಿತಿದ್ದವು. ದಾನವನ್ನು ತಾಮ್ರದ ಹಲಗೆಗಳ ಮೇಲೆ ಕೊರೆಸಿ, ಹಲಗೆಗಳ ತೂತಿನಲ್ಲಿ ಬಳೆಯೊಂದನ್ನು ತೂರಿಸಿ, ಬಳೆಯ ತುದಿಗಳನ್ನು ರಾಜಮುದ್ರೆಯಿಂದ ಬೆಸೆಯುತ್ತಿದ್ದರು: ಬಾದಾಮಿ ಚಾಲುಕ್ಯರದು ವರಾಹ, ಗಂಗರದು ಆನೆ, ರಾಷ್ಟ್ರಕೂಟರದು ಗರುಡ. ಬಳೆ ಕತ್ತರಿಸದೆ ನಡುವಿನ ಹಲಗೆ ಬದಲಿಸುವಂತಿಲ್ಲ. ಶಾಸನವನ್ನು ಯಾರು ಬೇಕಾದರೂ ಓದಬಹುದಿತ್ತು. ಗುಟ್ಟಿನ ಮಾತೇ ಇರಲಿಲ್ಲ.

ಡಿಜಿಟಲ್ ಸಹಿ ಮಾಡುವುದು ಇದನ್ನೇ. ಮೊದಲು ಇಡೀ ಫೈಲಿನಿಂದ ಒಂದು ಚಿಕ್ಕ ಹೆಬ್ಬೆಟ್ಟಿನ ಗುರುತು ತೆಗೆಯಲಾಗುತ್ತದೆ. ಅದರ ಉದ್ದ ಸಾಮಾನ್ಯವಾಗಿ 256 ಸ್ವಿಚ್ಚುಗಳು. ಫೈಲಿನಲ್ಲಿ ಒಂದು ಅಲ್ಪವಿರಾಮ ಬದಲಾದರೂ ಹೆಬ್ಬೆಟ್ಟು ಪೂರ್ತಿ ಬೇರೆಯಾಗುತ್ತದೆ. ಆ ಹೆಬ್ಬೆಟ್ಟಿಗೆ ಸಹಿದಾರ ತನ್ನೊಬ್ಬನ ಬಳಿಯಷ್ಟೇ ಇರುವ ಗುಟ್ಟಿನ ಕೈಯಿಂದ ಮೊಹರು ಒತ್ತುತ್ತಾನೆ. ಅದಕ್ಕೆ ಜೊತೆಯಾದ ಬಹಿರಂಗ ಕೈಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು, ಆದರೆ ಅದರಿಂದ ಹೊಸ ಮೊಹರು ಒತ್ತಲಾಗದು. ಇಂಥ ಜೋಡಿ ಕೈಗಳ ಕಲ್ಪನೆಯನ್ನು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಪ್ರಕಟಿಸಿದರು. ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ.

ಮೊಹರು ಇರುವುದು ಫೈಲಿನಲ್ಲಿ, ಕಾಗದದಲ್ಲಲ್ಲ. ಪ್ರಿಂಟ್ ತೆಗೆದ ಕೂಡಲೇ ಉಳಿಯುವುದು ‘ಸಹಿ ಮಾಡಲಾಗಿದೆ’ ಎಂಬ ಚಿತ್ರ ಮಾತ್ರ. ಆದರೆ ಇ-ಆಧಾರಿನ ಕ್ಯೂಆರ್ ಚೌಕದೊಳಗೆ ಆಧಾರ್ ಪ್ರಾಧಿಕಾರದ ಡಿಜಿಟಲ್ ಸಹಿಯನ್ನು ಸೇರಿಸಿರುವುದರಿಂದ ಕಾಗದಕ್ಕೆ ಬಂದ ಮೇಲೂ ಅದನ್ನು ಪರೀಕ್ಷಿಸಲು ಸಾಧ್ಯ.

ಯಾವುದಕ್ಕೆ ಯಾವುದು

ಬಾಡಿಗೆ ಮನೆಯ ಮಾಲೀಕರು ಗುರುತಿನ ಚೀಟಿ ಕೇಳಿದಾಗ ಪಾಸ್‌ವರ್ಡ್ ಹಾಕುವುದರಲ್ಲಿ ಅರ್ಥವಿಲ್ಲ. ಅವರಿಗೆ ಪಾಸ್‌ವರ್ಡನ್ನೂ ಹೇಳಲೇಬೇಕು. ಅಲ್ಲಿ ಮಸಿಯೇ ಒಳ್ಳೆಯದು: ಬೇಕಾದಷ್ಟು ಮಾತ್ರ ಇರುವ ಪ್ರತಿ. ಅದರ ಮೇಲೆ ಅಡ್ಡಲಾಗಿ ‘ಮನೆ ಬಾಡಿಗೆಗೆ ಮಾತ್ರ’ ಎಂದು ದಿನಾಂಕ ಸಹಿತ ಬರೆದರೆ, ಅದು ದುರುಪಯೋಗವನ್ನು ತಡೆಯದಿದ್ದರೂ ಎಲ್ಲಿಂದ ಸೋರಿತೆಂದು ಹೇಳುತ್ತದೆ. ಲೆಕ್ಕಪರಿಶೋಧಕರಿಗೆ ಹೋಗುವ ಆದಾಯದ ವಿವರಕ್ಕೆ ಬೀಗ ಬೇಕು, ಪಾಸ್‌ವರ್ಡ್ ಫೋನಿನಲ್ಲಿ. ಕರಾರುಪತ್ರಕ್ಕೆ ಮೊಹರು ಬೇಕು. ಅದರಲ್ಲಿ ಹಣದ ಗುಟ್ಟಿದ್ದರೆ ಮೊಹರಿನ ಮೇಲೆ ಬೀಗವೂ. ಸಂಘದ ಅರ್ಜಿ ನಮೂನೆಗೆ ಬೋರ್ಡು ಸಾಕು.

ದೊಡ್ಡ ಫೈಲುಗಳನ್ನು ಲಿಂಕ್ ಮಾಡಿ ಹಂಚುವವರಿಗೆ ಇನ್ನೊಂದು ಆಯ್ಕೆಯಿದೆ. ‘ಲಿಂಕ್ ಇದ್ದವರೆಲ್ಲ’ ಎಂದು ಬಿಡುವ ಬದಲು ಹೆಸರಿಸಿದ ವಿಳಾಸಗಳಿಗೆ ಮಾತ್ರ ತೆರೆಯುವಂತೆ ಮಾಡಬಹುದು, ಕೆಲಸ ಮುಗಿದ ಮೇಲೆ ಬಾಗಿಲು ಮುಚ್ಚಬಹುದು. ಇಲ್ಲಿ ಎಟಿಎಮ್ಮಿನಂತೆ ಕಾವಲುಗಾರನಿದ್ದಾನೆ. ಆದರೆ ಬಾಗಿಲು ತೆರೆದಿದ್ದಾಗ ಇಳಿಸಿಕೊಂಡ ಪ್ರತಿಯ ಮೇಲೆ ಅವನ ಅಧಿಕಾರ ನಡೆಯುವುದಿಲ್ಲ.

ಬೀಗದ ಶಕ್ತಿ ಮತ್ತು ಮಿತಿ ಎರಡೂ ಒಟ್ಟಿಗೆ ಕಾಣುವುದು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ. ಪ್ರಶ್ನೆಪತ್ರಿಕೆಯನ್ನು ಗುಪ್ತಬರಹದ ಫೈಲಾಗಿ ಮುಂಚೆಯೇ ಕೇಂದ್ರಗಳಿಗೆ ಕಳಿಸಿ, ಪರೀಕ್ಷೆ ಶುರುವಾಗುವ ಸ್ವಲ್ಪ ಮುಂಚೆ ಪಾಸ್‌ವರ್ಡನ್ನು ಬೇರೆ ದಾರಿಯಲ್ಲಿ ತಿಳಿಸುವ ಕ್ರಮವಿದೆ. ಅಲ್ಲಿಯವರೆಗೆ ಆ ಫೈಲು ಎಷ್ಟು ಜನರ ಕೈಗೆ ಸಿಕ್ಕರೂ ಅದು ಬರೀ ಕಲಸಿದ ಸೊನ್ನೆ-ಒಂದುಗಳ ರಾಶಿ. ಪಾಸ್‌ವರ್ಡ್ ಬಂದು ಪ್ರಿಂಟರಿನಿಂದ ಮೊದಲ ಹಾಳೆ ಹೊರಬಿದ್ದ ಕ್ಷಣಕ್ಕೆ ಬೀಗದ ಪಾತ್ರ ಮುಗಿಯುತ್ತದೆ. ಅಲ್ಲಿಂದ ಗಂಟೆ ಬಾರಿಸುವವರೆಗೆ ಆ ಹಾಳೆಗಳನ್ನು ಕಾಯಬೇಕಾದವರು ಆ ಕೋಣೆಯಲ್ಲಿರುವ ಮನುಷ್ಯರು.